ಪ್ಲಾಸ್ಮಾದೊಳಗೆ ಎಲೆಕ್ಟ್ರಾನ್–ಅಯಾನ್ ಡಿಕ್ಕಿ: ಸ್ಕ್ರೀನಿಂಗ್ ಯಾವಾಗ ಲೆಕ್ಕಕ್ಕೆ ಬರುತ್ತದೆ?

ಪ್ರಶ್ನೆ: ಎಲೆಕ್ಟ್ರಾನ್ ಒಂದು ಅಯಾನಿಗೆ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ) ಡಿಕ್ಕಿ ಹೊಡೆಯುವ ಲೆಕ್ಕವನ್ನು ಪಠ್ಯಪುಸ್ತಕಗಳು ಜಗತ್ತಿನಲ್ಲಿ ಅವೆರಡೇ ಇವೆ ಅನ್ನುವ ಹಾಗೆ ಮಾಡುತ್ತವೆ. ಆದರೆ ನಿಜವಾದ ಪ್ಲಾಸ್ಮಾದಲ್ಲಿ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಬಿದ್ದ ಬಿಸಿ ಅನಿಲದಲ್ಲಿ, ಸುತ್ತಲೂ ಲೆಕ್ಕವಿಲ್ಲದಷ್ಟು ಚಾರ್ಜುಗಳಿರುತ್ತವೆ. ಅವು ಅಯಾನಿನ ಸೆಳೆತವನ್ನು ಮರೆಮಾಡುತ್ತವೆ ಅಂತ ಓದಿದೆ. ಈ ಸ್ಕ್ರೀನಿಂಗ್‌ನಿಂದ ಕ್ರಾಸ್ ಸೆಕ್ಷನ್ (ಡಿಕ್ಕಿ ನಡೆಯುವ ಸಂಭವದ ಅಳತೆ) ಕಡಿಮೆಯಾಗುತ್ತದೆ ಅಂತ ಒಂದು ಪ್ರಬಂಧ ಹೇಳುತ್ತದೆ. ಜಾಸ್ತಿಯಾಗುತ್ತದೆ ಅಂತ ಇನ್ನೊಂದು ಹೇಳುತ್ತದೆ. ಫ್ಯೂಷನ್ ಪ್ಲಾಸ್ಮಾದ ಬೆಳಕನ್ನು ಲೆಕ್ಕ ಹಾಕುವ ಕೋಡ್‌ಗಳು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಯಾರನ್ನು ನಂಬಬೇಕು?

ಉತ್ತರ: ಮೂವರನ್ನೂ ನಂಬಬಹುದು. ಮೂವರೂ ಬೇರೆ ಬೇರೆ ಡಿಕ್ಕಿಯ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ. ಸ್ಕ್ರೀನಿಂಗ್ ಏನು ಮಾಡುತ್ತದೆ ಅಂತ ಕೇಳುವ ಮೊದಲು, ನಿಮ್ಮ ಡಿಕ್ಕಿ ಎಷ್ಟು ದೂರದವರೆಗೆ ಕೈ ಚಾಚುತ್ತದೆ ಅಂತ ಕೇಳಬೇಕು. ಆ ದೂರವನ್ನು ಪ್ಲಾಸ್ಮಾದ ಮರೆಯ ದೂರದ ಪಕ್ಕ ಇಟ್ಟು ನೋಡಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೊದಲು ಮರೆಯ ದೂರ. ಧನ ಅಯಾನು ಸುತ್ತಲಿನ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುತ್ತದೆ, ಬೇರೆ ಅಯಾನುಗಳನ್ನು ದೂರ ತಳ್ಳುತ್ತದೆ. ಹಾಗಾಗಿ ಅದರ ಸುತ್ತ ಸರಾಸರಿಯಲ್ಲಿ ಸ್ವಲ್ಪ ಋಣ ಚಾರ್ಜಿನ ಮೋಡ ಕಟ್ಟುತ್ತದೆ. ಮೋಡದ ಹೊರಗೆ ನಿಂತವರಿಗೆ ಅಯಾನಿನ ಚಾರ್ಜ್ ಕಾಣುವುದೇ ಇಲ್ಲ. ಪೀಟರ್ ಡಿಬೈ ಮತ್ತು ಎರಿಕ್ ಹಕಲ್ 1923ರಲ್ಲಿ ಉಪ್ಪಿನ ದ್ರಾವಣಗಳಿಗೆ ಈ ಲೆಕ್ಕ ಮಾಡಿದರು. ಪ್ಲಾಸ್ಮಾದವರು ಅದನ್ನು ಹಾಗೇ ಎತ್ತಿಕೊಂಡರು. ಕೂಲಂಬ್ ವಿಭವ, ಅಂದರೆ ಒಂಟಿ ಚಾರ್ಜಿನ ಸೆಳೆತ ಎಷ್ಟು ಅಂತ ಹೇಳುವ ಅಳತೆ, ದೂರ ಹೆಚ್ಚಿದಂತೆ ನಿಧಾನಕ್ಕೆ ಇಳಿಯುತ್ತದೆ. ಡಿಬೈ–ಹಕಲ್ ವಿಭವದಲ್ಲಿ ಅದರ ಜೊತೆಗೆ ಒಂದು ಎಕ್ಸ್‌ಪೊನೆನ್ಷಿಯಲ್ ಇಳಿಕೆಯೂ ಸೇರುತ್ತದೆ. ಆ ಇಳಿಕೆಯ ಅಳತೆಯೇ ಡಿಬೈ ದೂರ. ತಾಪಮಾನ ಹೆಚ್ಚಿದರೆ ಅದು ಹಿಗ್ಗುತ್ತದೆ, ಸಾಂದ್ರತೆ ಹೆಚ್ಚಿದರೆ ಕುಗ್ಗುತ್ತದೆ. ತಾಪಮಾನವನ್ನು ಎಲೆಕ್ಟ್ರಾನ್ ವೋಲ್ಟಿನಲ್ಲಿ (ಕಣಗಳ ಶಕ್ತಿ ಅಳೆಯುವ ಮಾನ), ಸಾಂದ್ರತೆಯನ್ನು ಘನ ಮೀಟರಿಗೆ ಎಷ್ಟು ಎಲೆಕ್ಟ್ರಾನ್ ಅನ್ನುವ ಲೆಕ್ಕದಲ್ಲಿ ತೆಗೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗಮೂಲ ತೆಗೆದು, 7430ರಿಂದ ಗುಣಿಸಿ. ಉತ್ತರ ಮೀಟರಿನಲ್ಲಿ ಸಿಗುತ್ತದೆ. ಇದು ಎಲೆಕ್ಟ್ರಾನುಗಳ ಮರೆ ಮಾತ್ರ. ಅಯಾನುಗಳ ಪಾಲೂ ಸೇರಿದರೆ ದೂರ ಇನ್ನಷ್ಟು ಕುಗ್ಗುತ್ತದೆ.

ಅಂಕಿಗಳನ್ನು ಹಾಕಿ ನೋಡೋಣ. ಟೋಕಮಾಕ್ (ಕಾಂತಕ್ಷೇತ್ರದಲ್ಲಿ ಪ್ಲಾಸ್ಮಾ ಹಿಡಿದಿಡುವ ಫ್ಯೂಷನ್ ಯಂತ್ರ) ಒಳಗಿನ ಪ್ಲಾಸ್ಮಾ: 10,000 ಎಲೆಕ್ಟ್ರಾನ್ ವೋಲ್ಟ್, ಘನ ಮೀಟರಿಗೆ 10²⁰ ಎಲೆಕ್ಟ್ರಾನ್. ಡಿಬೈ ದೂರ ಸುಮಾರು 74 ಮೈಕ್ರೋಮೀಟರ್. ಸೂರ್ಯನ ಕರೋನಾ, ಅಂದರೆ ಅದರ ಹೊರಗಿನ ತೆಳು ವಾತಾವರಣ: 100 ಎಲೆಕ್ಟ್ರಾನ್ ವೋಲ್ಟ್, ಘನ ಮೀಟರಿಗೆ 10¹⁵. ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಲೇಸರ್ ಬಡಿದು ಬಿಸಿಮಾಡಿದ ಗಟ್ಟಿ ವಸ್ತು: 100 ಎಲೆಕ್ಟ್ರಾನ್ ವೋಲ್ಟ್, ಘನ ಮೀಟರಿಗೆ 10²⁸. ಇಲ್ಲಿ ಅದು 7.4 ಆಂಗ್‌ಸ್ಟ್ರಾಂಗೆ, ಅಂದರೆ 14 ಬೋರ್ ತ್ರಿಜ್ಯಕ್ಕೆ ಇಳಿಯುತ್ತದೆ (ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಸೂರ್ಯನ ನಟ್ಟನಡುವೆ ಎಲೆಕ್ಟ್ರಾನುಗಳ ಮರೆಯೊಂದನ್ನೇ ಲೆಕ್ಕ ಹಾಕಿದರೂ ಸುಮಾರು 0.35 ಆಂಗ್‌ಸ್ಟ್ರಾಂ. ಹೈಡ್ರೋಜನ್ ಪರಮಾಣುವಿನ ಬೋರ್ ತ್ರಿಜ್ಯ 0.53 ಆಂಗ್‌ಸ್ಟ್ರಾಂ. ಮರೆಯ ಮೋಡ ಪರಮಾಣುವಿಗಿಂತ ಚಿಕ್ಕದಾಯಿತು!

ಈಗ ಡಿಕ್ಕಿಗೆ ಬರೋಣ. ಎಲ್ಲಕ್ಕಿಂತ ಸರಳವಾದದ್ದು ಸ್ಥಿತಿಸ್ಥಾಪಕ ಡಿಕ್ಕಿ. ಎಲೆಕ್ಟ್ರಾನ್ ಬರುತ್ತದೆ, ಅಯಾನಿನ ಪಕ್ಕ ಹಾದು ದಿಕ್ಕು ಬದಲಿಸಿ ಹೋಗುತ್ತದೆ. ಅಯಾನಿನ ಒಳಗೆ ಏನೂ ಬದಲಾಗುವುದಿಲ್ಲ. ರದರ್‌ಫರ್ಡ್ 1911ರಲ್ಲಿ ಕೊಟ್ಟ ಸೂತ್ರ ಇದೇ. ಅದರಲ್ಲಿ ಒಂದು ತೊಂದರೆ ಇದೆ. ಒಟ್ಟು ಕ್ರಾಸ್ ಸೆಕ್ಷನ್ ಕೂಡಿಸಲು ಹೋದರೆ ಅನಂತ ಬರುತ್ತದೆ. ಕೂಲಂಬ್ ಸೆಳೆತಕ್ಕೆ ಕೊನೆಯೇ ಇಲ್ಲ. ಎಷ್ಟೇ ದೂರದಲ್ಲಿ ಹಾದುಹೋದ ಎಲೆಕ್ಟ್ರಾನೂ ಕೂದಲೆಳೆಯಷ್ಟು ಬಾಗುತ್ತದೆ. ದೂರದಲ್ಲಿ ಹಾದುಹೋಗುವ ಎಲೆಕ್ಟ್ರಾನುಗಳು ತುಂಬಾ ಇರುವುದರಿಂದ ಆ ಸಣ್ಣ ಬಾಗುಗಳೆಲ್ಲ ಸೇರಿ ಲೆಕ್ಕ ಕೈಮೀರುತ್ತದೆ.

ಇಲ್ಲಿ ಸ್ಕ್ರೀನಿಂಗ್ ಇಲ್ಲದೆ ಗತಿಯೇ ಇಲ್ಲ. ಡಿಬೈ ದೂರದ ಆಚೆ ಸೆಳೆತ ಇಲ್ಲ ಅಂದ ಕೂಡಲೇ ಅನಂತ ಮಾಯವಾಗುತ್ತದೆ. ಬಾಗುಗಳ ಪರಿಣಾಮವನ್ನು ಕೂಡಿಸಿದಾಗ ಉಳಿಯುವುದು ಒಂದು ಲಾಗರಿದಮ್. ಅತಿ ದೊಡ್ಡ ದೂರವನ್ನು ಅತಿ ಚಿಕ್ಕ ದೂರದಿಂದ ಭಾಗಿಸಿ ಲಾಗ್ ತೆಗೆದರೆ ಸಿಗುವ ಸಂಖ್ಯೆ. ಇದಕ್ಕೆ ಕೂಲಂಬ್ ಲಾಗರಿದಮ್ ಅನ್ನುತ್ತಾರೆ. ಟೋಕಮಾಕ್‌ನಲ್ಲಿ ದೊಡ್ಡ ದೂರ 74 ಮೈಕ್ರೋಮೀಟರ್. ಚಿಕ್ಕ ದೂರವನ್ನು ಎಲೆಕ್ಟ್ರಾನಿನ ಅಲೆಯುದ್ದ ನಿರ್ಧರಿಸುತ್ತದೆ. ಅದು ಸುಮಾರು 0.02 ಆಂಗ್‌ಸ್ಟ್ರಾಂ. ಲಾಗ್ ತೆಗೆದರೆ 17 ಚಿಲ್ಲರೆ. ಪ್ಲಾಸ್ಮಾದ ವಿದ್ಯುತ್ ರೋಧ, ಎಲೆಕ್ಟ್ರಾನುಗಳು ಅಯಾನುಗಳಿಗೆ ಬಿಸಿ ದಾಟಿಸುವ ವೇಗ, ಎಲ್ಲದರಲ್ಲೂ ಈ 17 ಕೂತಿದೆ. ಇಷ್ಟಿದ್ದೂ ಅಷ್ಟು ಬಿಸಿ ಪ್ಲಾಸ್ಮಾ ತಾಮ್ರಕ್ಕಿಂತ ಹತ್ತು ಪಟ್ಟಿಗೂ ಚೆನ್ನಾಗಿ ವಿದ್ಯುತ್ ಹರಿಸುತ್ತದೆ ಅನ್ನುವುದು ಬೇರೆ ಮಾತು.

ಗಮನಿಸಿ, ಇಲ್ಲಿ ಡಿಬೈ ದೂರ ಇರುವುದು ಲಾಗ್ ಒಳಗೆ. ಮರೆಯ ದೂರವನ್ನು ನೀವು ಎರಡು ಪಟ್ಟು ತಪ್ಪಾಗಿ ಹಾಕಿದರೂ 17.4 ಇದ್ದದ್ದು 18.1 ಆಗುತ್ತದೆ. ಬರೀ ನಾಲ್ಕು ಶೇಕಡಾ ವ್ಯತ್ಯಾಸ. ಅದಕ್ಕೇ ಈ ಕ್ಷೇತ್ರದಲ್ಲಿ ಡಿಬೈ ಮಾದರಿ ಎಷ್ಟು ಸರಿ ಅನ್ನುವ ಬಗ್ಗೆ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ದಟ್ಟ ಪ್ಲಾಸ್ಮಾಕ್ಕೆ ಬಂದಾಗ ಕಥೆ ಬದಲಾಗುತ್ತದೆ. ದೊಡ್ಡ ದೂರ ಚಿಕ್ಕ ದೂರದ ಮೂರು ಪಟ್ಟು ಮಾತ್ರ ಇದೆ ಅಂತಿಟ್ಟುಕೊಳ್ಳಿ. ಲಾಗ್ 1.1. ಈಗ ಎರಡು ಪಟ್ಟು ತಪ್ಪಿದರೆ ಅದು 1.8 ಆಗುತ್ತದೆ, ಅರವತ್ತು ಶೇಕಡಾ ಏರಿಕೆ. ಅಂಥ ಕಡೆ ದೂರಗಳನ್ನು ಹೀಗೆ ಮೊಟಕು ಮಾಡುವ ಪದ್ಧತಿಯನ್ನೇ ಬಿಟ್ಟು, ಮರೆಮಾಡಿದ ವಿಭವದಲ್ಲಿ ಚದುರುವಿಕೆಯನ್ನು ನೇರವಾಗಿ ಕ್ವಾಂಟಂ ವಿಧಾನದಲ್ಲಿ ಲೆಕ್ಕ ಹಾಕಬೇಕು.

ಅಂದರೆ ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಸ್ಕ್ರೀನಿಂಗ್ ಯಾವಾಗಲೂ ಇದೆ, ಯಾವಾಗಲೂ ಕ್ರಾಸ್ ಸೆಕ್ಷನ್ ಇಳಿಸುತ್ತದೆ. ನೀವು ಓದಿದ ಮೊದಲ ಪ್ರಬಂಧ ಇದರ ಬಗ್ಗೆ ಇದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಅಯಾನಿನೊಳಗಿನ ಎಲೆಕ್ಟ್ರಾನನ್ನು ಮೇಲಿನ ಶಕ್ತಿಯ ಮಟ್ಟಕ್ಕೆ ಏರಿಸುವ ಡಿಕ್ಕಿ ಇನ್ನೂ ಸ್ವಾರಸ್ಯದ್ದು. ಪ್ಲಾಸ್ಮಾ ಬೆಳಗುವುದೇ ಇದರಿಂದ. ಒಂದು ಉದಾಹರಣೆ ಹಿಡಿದುಕೊಳ್ಳೋಣ: ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ ಅಯಾನು. ಅದರ ತಳಮಟ್ಟದಿಂದ ಎರಡನೇ ಮಟ್ಟಕ್ಕೆ ಏರಿಸಲು 40.8 ಎಲೆಕ್ಟ್ರಾನ್ ವೋಲ್ಟ್ ಬೇಕು. ಪೂರ್ತಿ ಕಿತ್ತು ತೆಗೆಯಲು 54.4.

100 ಎಲೆಕ್ಟ್ರಾನ್ ವೋಲ್ಟಿನ ಒಂದು ಎಲೆಕ್ಟ್ರಾನ್ ಪಕ್ಕದಲ್ಲಿ ಹಾದುಹೋಗುತ್ತಿದೆ. ಎಷ್ಟು ದೂರದಿಂದ ಅದು ಒಳಗಿನ ಎಲೆಕ್ಟ್ರಾನನ್ನು ಮೇಲೆ ಎಬ್ಬಿಸಬಲ್ಲದು? ದೂರ ಹೆಚ್ಚಿದಷ್ಟೂ ಅದರ ತಳ್ಳಾಟ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಅಷ್ಟು ನಿಧಾನದ ತಳ್ಳಾಟಕ್ಕೆ ಅಯಾನಿನೊಳಗಿನ ಎಲೆಕ್ಟ್ರಾನ್ ಸುಮ್ನೆ ಸ್ವಲ್ಪ ಬಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಮೇಲಕ್ಕೆ ಜಿಗಿಯುವುದಿಲ್ಲ. ಜಿಗಿಯಬೇಕಾದರೆ ತಳ್ಳಾಟ ಆ ಜಿಗಿತದ ಆವರ್ತಕ್ಕೆ ಹೊಂದುವಷ್ಟು ಚುರುಕಾಗಿರಬೇಕು. ಲೆಕ್ಕ ಹಾಕಿದರೆ ಈ ಗಡಿ ಎಲೆಕ್ಟ್ರಾನಿನ ವೇಗವನ್ನು ಜಿಗಿತದ ಕೋನೀಯ ಆವರ್ತದಿಂದ ಭಾಗಿಸಿದಷ್ಟು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 1 ಆಂಗ್‌ಸ್ಟ್ರಾಂ.

ಒಂದು ಆಂಗ್‌ಸ್ಟ್ರಾಂ! ಟೋಕಮಾಕ್‌ನ ಡಿಬೈ ದೂರ ಇದರ ಏಳು ಲಕ್ಷ ಪಟ್ಟು ದೊಡ್ಡದು. ಅಷ್ಟು ದೂರದಲ್ಲಿ ಯಾರೋ ಸೆಳೆತವನ್ನು ಮರೆಮಾಡಿದರೆ ಈ ಡಿಕ್ಕಿಗೆ ಏನಾಗಬೇಕು? ಏನೂ ಇಲ್ಲ. ಸ್ಥಿತಿಸ್ಥಾಪಕ ಡಿಕ್ಕಿಗೆ ತನ್ನದೇ ಗಡಿ ಇಲ್ಲ, ಹಾಗಾಗಿ ಅದು ಪ್ಲಾಸ್ಮಾದ ಗಡಿಯನ್ನು ಕಡ ತೆಗೆದುಕೊಳ್ಳುತ್ತದೆ. ಮಟ್ಟ ಏರಿಸುವ ಡಿಕ್ಕಿ ತನ್ನ ಗಡಿಯನ್ನು ತಾನೇ ಹೊತ್ತು ತರುತ್ತದೆ. ಫ್ಯೂಷನ್ ಕೋಡ್ ಬರೆಯುವವರು ಸ್ಕ್ರೀನಿಂಗ್ ಬಿಟ್ಟದ್ದು ಸೋಮಾರಿತನದಿಂದಲ್ಲ. ಅಲ್ಲಿ ಅದರ ಕೆಲಸವಿಲ್ಲ.

ಹಾಗಾದರೆ ಡಿಬೈ ದೂರ ದೊಡ್ಡದಿದ್ದರೆ ಚಿಂತೆಯೇ ಬೇಡ ಅನ್ನಬಹುದಾ? ಹಾಗೂ ಅಲ್ಲ. ಎರಡು ಮಟ್ಟಗಳ ನಡುವಿನ ಶಕ್ತಿಯ ಅಂತರ ಬಹುತೇಕ ಸೊನ್ನೆ ಆಗಿದ್ದರೆ? ಆವರ್ತ ಸೊನ್ನೆಯ ಹತ್ತಿರ, ಗಡಿ ಅನಂತದ ಹತ್ತಿರ. ಹೈಡ್ರೋಜನ್‌ನಂಥ ಪರಮಾಣುಗಳಲ್ಲಿ ಒಂದೇ ಮುಖ್ಯ ಮಟ್ಟದೊಳಗೆ ಬೇರೆ ಬೇರೆ ಕೋನೀಯ ಸಂವೇಗದ ಉಪಮಟ್ಟಗಳು ಹೆಚ್ಚುಕಮ್ಮಿ ಒಂದೇ ಶಕ್ತಿಯಲ್ಲಿ ಕೂತಿರುತ್ತವೆ. ಡಿಕ್ಕಿಗಳು ಎಲೆಕ್ಟ್ರಾನನ್ನು ಇವುಗಳ ನಡುವೆ ಆಚೀಚೆ ಎಸೆಯುತ್ತವೆ. ಬಾಹ್ಯಾಕಾಶದ ನೆಬ್ಯುಲಾಗಳ (ಅನಿಲದ ಮೋಡಗಳ) ಬೆಳಕಿನ ಗೆರೆಗಳನ್ನು ಅರ್ಥ ಮಾಡಿಕೊಳ್ಳಲು ಈ ಲೆಕ್ಕ ಬೇಕು. ಪೆಂಗೆಲಿ ಮತ್ತು ಸೀಟನ್ 1964ರಲ್ಲಿ ಇದನ್ನು ಮಾಡಿದಾಗ ಲೆಕ್ಕ ಮತ್ತೆ ದೂರದಲ್ಲಿ ಕೈಮೀರಿತು. ಡಿಬೈ ದೂರ, ಮಟ್ಟದ ಆಯಸ್ಸು, ಉಪಮಟ್ಟಗಳ ಸಣ್ಣ ಅಂತರ, ಈ ಮೂರರಲ್ಲಿ ಯಾವುದು ಮೊದಲು ಗಡಿ ಹಾಕುತ್ತದೋ ಅಲ್ಲಿ ನಿಲ್ಲಿಸಬೇಕಾಯಿತು. ನೆಬ್ಯುಲಾದಲ್ಲಿ ಘನ ಸೆಂಟಿಮೀಟರಿಗೆ 100 ಎಲೆಕ್ಟ್ರಾನ್, ತಾಪಮಾನ 1 ಎಲೆಕ್ಟ್ರಾನ್ ವೋಲ್ಟ್ ಅಂದುಕೊಂಡರೆ ಡಿಬೈ ದೂರ ಮುಕ್ಕಾಲು ಮೀಟರ್. ಒಂದು ಪರಮಾಣುವಿನ ಡಿಕ್ಕಿಯ ಲೆಕ್ಕದಲ್ಲಿ ಮುಕ್ಕಾಲು ಮೀಟರ್ ಬಂದು ಕೂರುವುದು ನನಗೆ ಇವತ್ತಿಗೂ ಮಜಾ ಅನ್ನಿಸುತ್ತದೆ.

ಈಗ ದಟ್ಟ ಪ್ಲಾಸ್ಮಾ. ಘನ ಮೀಟರಿಗೆ 10²⁸, 100 ಎಲೆಕ್ಟ್ರಾನ್ ವೋಲ್ಟ್, ಡಿಬೈ ದೂರ 7.4 ಆಂಗ್‌ಸ್ಟ್ರಾಂ. ಡಿಕ್ಕಿಯ ಗಡಿ ಇನ್ನೂ 1 ಆಂಗ್‌ಸ್ಟ್ರಾಂ. ಹತ್ತಿರ ಬಂದಿವೆ, ಆದರೆ ಮುಟ್ಟಿಲ್ಲ. ಮಟ್ಟ ಏರಿಸುವ ಡಿಕ್ಕಿಯ ಮೇಲೆ ಇಲ್ಲೂ ಪರಿಣಾಮ ಚಿಕ್ಕದೇ ಇರಬೇಕು.

ಇದೇ ಮಾತನ್ನು ಸಮಯದ ಕಡೆಯಿಂದಲೂ ಹೇಳಬಹುದು. ನನಗೆ ಆ ದಾರಿಯೇ ಹೆಚ್ಚು ಇಷ್ಟ. ಮರೆಯ ಮೋಡ ತಾನಾಗಿ ಪಟ್ಟನೆ ಹುಟ್ಟುವುದಿಲ್ಲ. ಎಲೆಕ್ಟ್ರಾನುಗಳು ಸರಿದು ಜಾಗ ಹೊಂದಿಸಿಕೊಳ್ಳಬೇಕು. ಅದಕ್ಕೆ ಬೇಕಾಗುವ ಸಮಯವನ್ನು ಪ್ಲಾಸ್ಮಾ ಆವರ್ತ ಹೇಳುತ್ತದೆ. ಅಯಾನಿನ ಸ್ಥಿರ ಚಾರ್ಜನ್ನು ಮರೆಮಾಡಲು ಪ್ಲಾಸ್ಮಾಕ್ಕೆ ಬೇಕಾದಷ್ಟು ಸಮಯ ಇದೆ. ಆದರೆ ಮಟ್ಟ ಜಿಗಿಯುವಾಗ ಕೆಲಸ ಮಾಡುವುದು ಸ್ಥಿರ ಚಾರ್ಜಲ್ಲ, ಜಿಗಿತದ ಆವರ್ತದಲ್ಲಿ ನಡುಗುವ ಒಂದು ಡೈಪೋಲ್ (ಧನ, ಋಣ ಚಾರ್ಜುಗಳ ಜೋಡಿ). ಪ್ಲಾಸ್ಮಾ ಆವರ್ತಕ್ಕಿಂತ ವೇಗವಾಗಿ ನಡುಗುವುದನ್ನು ಮರೆಮಾಡಲು ಹೋಗುವುದು ಜೋರಾಗಿ ತಿರುಗುವ ಫ್ಯಾನಿನ ರೆಕ್ಕೆಗೆ ಬಟ್ಟೆ ಸುತ್ತಲು ಹೋದ ಹಾಗೆ. ಘನ ಮೀಟರಿಗೆ 10²⁸ ಎಲೆಕ್ಟ್ರಾನ್ ಇರುವಾಗ ಪ್ಲಾಸ್ಮಾ ಆವರ್ತವನ್ನು ಶಕ್ತಿಯಾಗಿ ಬರೆದರೆ 3.7 ಎಲೆಕ್ಟ್ರಾನ್ ವೋಲ್ಟ್. ಜಿಗಿತದ್ದು 40.8. ಹತ್ತು ಪಟ್ಟಿಗೂ ಮೀರಿದ ಅಂತರ. ಸಾಂದ್ರತೆ ಇನ್ನೂ ನೂರು ಪಟ್ಟು ಏರಿ 10³⁰ ಆದಾಗ ಪ್ಲಾಸ್ಮಾದ ಸಂಖ್ಯೆ 37 ಆಗುತ್ತದೆ. ಆಗ ಮಾತ್ರ ಪ್ಲಾಸ್ಮಾ ಈ ನಡುಕವನ್ನು ಹಿಂಬಾಲಿಸುವ ಮಟ್ಟಕ್ಕೆ ಬಂತು ಅನ್ನಬಹುದು.

ಇವೆರಡೂ ಒಂದೇ ಷರತ್ತು. ಸರಾಸರಿ ಬಿಸಿ ವೇಗವನ್ನು ಪ್ಲಾಸ್ಮಾ ಆವರ್ತದಿಂದ ಭಾಗಿಸಿದರೆ ಡಿಬೈ ದೂರ. ಅದೇ ವೇಗವನ್ನು ಜಿಗಿತದ ಆವರ್ತದಿಂದ ಭಾಗಿಸಿದರೆ ಡಿಕ್ಕಿಯ ಗಡಿ. ಡಿಬೈ ದೂರ ಚಿಕ್ಕದೋ ಅಂತ ಕೇಳಿದರೂ, ಪ್ಲಾಸ್ಮಾ ಆವರ್ತ ದೊಡ್ಡದೋ ಅಂತ ಕೇಳಿದರೂ ಕೇಳಿದ್ದು ಒಂದೇ.

ಆದ್ದರಿಂದ ಸ್ಥಿರ ಡಿಬೈ ವಿಭವವನ್ನು ಎಲ್ಲಾ ಕಡೆ ಹಾಕಿ ಮಟ್ಟ ಏರಿಕೆಯ ಕ್ರಾಸ್ ಸೆಕ್ಷನ್ ತೆಗೆಯುವ ಲೆಕ್ಕಗಳು ಸ್ಕ್ರೀನಿಂಗನ್ನು ಸಾಮಾನ್ಯವಾಗಿ ಹೆಚ್ಚಾಗಿ ತೋರಿಸುತ್ತವೆ. ಅದರಲ್ಲೂ ಡೈಪೋಲ್ ನಿಯಮ ಒಪ್ಪುವ, ಅಂದರೆ ಬೆಳಕನ್ನು ಹೀರಿಯೂ ಸುಲಭವಾಗಿ ಆಗಬಲ್ಲ ಜಿಗಿತಗಳಲ್ಲಿ. ಅವುಗಳ ಕ್ರಾಸ್ ಸೆಕ್ಷನ್‌ಗೆ ದೂರದಲ್ಲಿ ಹಾದುಹೋಗುವ ಎಲೆಕ್ಟ್ರಾನುಗಳ ಪಾಲು ದೊಡ್ಡದು. ದೂರವನ್ನು ಕತ್ತರಿಸಿದರೆ ಮೊದಲು ಏಟು ಬೀಳುವುದು ಅವಕ್ಕೇ. ಡೈಪೋಲ್ ನಿಯಮ ಒಪ್ಪದ ಜಿಗಿತಗಳು, ಬಂದ ಎಲೆಕ್ಟ್ರಾನೂ ಒಳಗಿನದೂ ಜಾಗ ಅದಲುಬದಲು ಮಾಡಿಕೊಳ್ಳಬೇಕಾದ ಜಿಗಿತಗಳು ತೀರಾ ಹತ್ತಿರದಲ್ಲಿ ನಡೆಯುವಂಥವು. ಅವುಗಳಿಗೆ ಮರೆ ಅಷ್ಟಾಗಿ ತಟ್ಟುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಬಂಧ, ಜಾಸ್ತಿಯಾಗುತ್ತದೆ ಅನ್ನುವುದು. ಇದು ಬಹುಶಃ ಅಯಾನೀಕರಣದ ಬಗ್ಗೆ, ಅಂದರೆ ಒಳಗಿನ ಎಲೆಕ್ಟ್ರಾನನ್ನು ಪೂರ್ತಿ ಕಿತ್ತು ತೆಗೆಯುವ ಡಿಕ್ಕಿಯ ಬಗ್ಗೆ. ಇಲ್ಲಿ ಮರೆ ಎರಡು ಕಡೆ ಕೆಲಸ ಮಾಡುತ್ತದೆ. ಬರುವ ಎಲೆಕ್ಟ್ರಾನಿನ ತಳ್ಳಾಟವನ್ನು ತಗ್ಗಿಸುತ್ತದೆ. ಜೊತೆಗೆ, ಅಯಾನು ತನ್ನೊಳಗಿನ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡ ಬಿಗಿಯನ್ನೂ ಸಡಿಲಿಸುತ್ತದೆ. ಮೊದಲನೆಯದು ಕ್ರಾಸ್ ಸೆಕ್ಷನ್ ಇಳಿಸುತ್ತದೆ, ಎರಡನೆಯದು ಏರಿಸುತ್ತದೆ.

ಎರಡನೆಯದನ್ನು ಅಂಕಿಯಲ್ಲಿ ನೋಡಿ. ಅದೇ ಹೀಲಿಯಂ ಅಯಾನು, ಅದೇ 7.4 ಆಂಗ್‌ಸ್ಟ್ರಾಂ. ಮರೆಯಿಂದ ಅಯಾನಿನ ಎಲ್ಲಾ ಮಟ್ಟಗಳೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಮೇಲಕ್ಕೆ, ಅಂದರೆ ಬಿಡುಗಡೆಯ ಅಂಚಿನ ಕಡೆಗೆ ಸರಿಯುತ್ತವೆ. ಆ ಅಳತೆ 3.9 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಕಿತ್ತು ತೆಗೆಯಲು ಬೇಕಾದ ಶಕ್ತಿ 54.4ರಿಂದ ಸುಮಾರು 50.5ಕ್ಕೆ ಇಳಿಯುತ್ತದೆ. ಎಲ್ಲಾ ಮಟ್ಟಗಳೂ ಒಟ್ಟಿಗೆ ಸರಿದದ್ದರಿಂದ ಅವುಗಳ ನಡುವಿನ ಅಂತರ ಮಾತ್ರ ಅಷ್ಟೇನೂ ಬದಲಾಗುವುದಿಲ್ಲ. 40.8 ಇದ್ದದ್ದು ಸುಮಾರು 0.24ರಷ್ಟು ಇಳಿದು 40.6 ಆಗುತ್ತದೆ. ಒಂದೇ ಪ್ಲಾಸ್ಮಾ, ಒಂದೇ ಅಯಾನು. ಅಯಾನೀಕರಣಕ್ಕೆ ಏಳು ಶೇಕಡಾ ಪೆಟ್ಟು, ಮಟ್ಟ ಏರಿಕೆಗೆ ಅರ್ಧ ಶೇಕಡಾ. ಥಾಮ್ಸನ್ 1912ರಲ್ಲಿ ಕೊಟ್ಟ ಹಳೆಯ ಸೂತ್ರದಲ್ಲಿ ಅಯಾನೀಕರಣದ ಗರಿಷ್ಠ ಕ್ರಾಸ್ ಸೆಕ್ಷನ್ ಆ ಶಕ್ತಿಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅದರ ಪ್ರಕಾರ ಇಷ್ಟು ಇಳಿಕೆಗೆ ಸುಮಾರು 16 ಶೇಕಡಾ ಏರಿಕೆ. ಅಂಚಿಗೆ (ಡಿಕ್ಕಿ ನಡೆಯಲು ಬೇಕಾದ ಕನಿಷ್ಠ ಶಕ್ತಿಗೆ) ಹತ್ತಿರದ ಶಕ್ತಿಗಳಲ್ಲಿ ಈ ಏರಿಕೆಯೇ ಗೆಲ್ಲುತ್ತದೆ. ಶಕ್ತಿ ಹೆಚ್ಚಾದ ಹಾಗೆ ದೂರದ ಡಿಕ್ಕಿಗಳ ಪಾಲು ಹೆಚ್ಚುತ್ತದೆ, ಆಗ ಮೊದಲ ಪರಿಣಾಮ ತಲೆ ಎತ್ತುತ್ತದೆ.

ಮರೆ ಇನ್ನೂ ಬಿಗಿಯಾದರೆ ಮಟ್ಟಗಳೇ ಒಂದೊಂದಾಗಿ ಮಾಯವಾಗುತ್ತವೆ. ಕೂಲಂಬ್ ವಿಭವದಲ್ಲಿ ಬಂಧಿತ ಮಟ್ಟಗಳು ಅನಂತ. ಡಿಬೈ ವಿಭವದಲ್ಲಿ ಎಣಿಸಿ ಮುಗಿಯುವಷ್ಟು. ಹೈಡ್ರೋಜನ್‌ನಲ್ಲಿ ಎರಡನೇ ಮಟ್ಟದ ಎರಡು ಉಪಮಟ್ಟಗಳಲ್ಲಿ 2ಪಿ ಅನ್ನುವುದು ಡಿಬೈ ದೂರ 4.54 ಬೋರ್ ತ್ರಿಜ್ಯಕ್ಕೆ ಇಳಿದಾಗ ಕಳಚಿಕೊಳ್ಳುತ್ತದೆ. 2ಎಸ್ ಸ್ವಲ್ಪ ತಡೆದುಕೊಂಡು 3.22ರಲ್ಲಿ ಹೋಗುತ್ತದೆ. ತಳದ 1ಎಸ್ 0.84ರವರೆಗೂ ಹಿಡಿದುಕೊಂಡಿರುತ್ತದೆ. ಮರೆ ಅಷ್ಟಾಗಿ ತಟ್ಟದ ಪರಮಾಣು ಬೀಜದ ಪಕ್ಕಕ್ಕೆ ಸುಳಿಯದ 2ಪಿ ಮೊದಲು ಹೋಗುವುದು ಸಹಜವೇ. ಚಾರ್ಜ್ ಹೆಚ್ಚಿದ ಅಯಾನುಗಳಲ್ಲಿ ಈ ಎಲ್ಲಾ ಅಂಕಿಗಳನ್ನೂ ಬೀಜದ ಚಾರ್ಜಿನಿಂದ ಭಾಗಿಸಿಕೊಳ್ಳಿ. ಸೂರ್ಯನ ನಡುವೆ ಹೈಡ್ರೋಜನ್‌ಗೆ ಒಂದು ಮಟ್ಟವನ್ನೂ ಉಳಿಸಿಕೊಳ್ಳಲಾಗದಿದ್ದರೂ ಕಬ್ಬಿಣದ ಒಳಗಿನ ಎಲೆಕ್ಟ್ರಾನುಗಳಿಗೆ ಮರೆಯ ಬಿಸಿ ಅಷ್ಟು ತಟ್ಟದಿರುವುದು ಇದಕ್ಕೇ.

ಇಲ್ಲಿ ಇನ್ನೊಂದು ಮಾತು. ಮೇಘನಾದ ಸಾಹಾ 1920ರಲ್ಲಿ ಕೊಟ್ಟ ಅಯಾನೀಕರಣ ಸಮೀಕರಣದಲ್ಲಿ ಪರಮಾಣುವಿನ ಎಲ್ಲಾ ಮಟ್ಟಗಳ ಮೇಲೆ ಒಂದು ಮೊತ್ತ ಬರುತ್ತದೆ. ಒಂಟಿ ಹೈಡ್ರೋಜನ್‌ಗೆ ಆ ಮೊತ್ತ ಅನಂತ. ಪ್ಲಾಸ್ಮಾ ಮೇಲಿನ ಮಟ್ಟಗಳನ್ನು ಕತ್ತರಿಸುವುದರಿಂದಲೇ ಅದು ಅರ್ಥವುಳ್ಳ ಸಂಖ್ಯೆಯಾಗುತ್ತದೆ. ಸುತ್ತಲಿನವರು ಇದ್ದಾರೆ ಅನ್ನುವುದನ್ನು ಮರೆತರೆ ರದರ್‌ಫರ್ಡ್ ಸೂತ್ರಕ್ಕಾದ ಗತಿಯೇ ಇದಕ್ಕೂ.

ಬಂಧ ಎಷ್ಟು ಸಡಿಲವಾಗುತ್ತದೆ ಅನ್ನುವುದು ಸುಮ್ನೆ ಕಾಗದದ ಮೇಲಿನ ಜಗಳವಲ್ಲ. ಎಕರ್ ಮತ್ತು ಕ್ರೋಲ್ 1963ರಲ್ಲಿ ಒಂದು ಸೂತ್ರ ಕೊಟ್ಟರು. ಸ್ಟೀವರ್ಟ್ ಮತ್ತು ಪ್ಯಾಟ್ 1966ರಲ್ಲಿ ಇನ್ನೊಂದು ಕೊಟ್ಟರು. ಸ್ಟೀವರ್ಟ್–ಪ್ಯಾಟ್ ಸೂತ್ರ ತೆಳು ಪ್ಲಾಸ್ಮಾದಲ್ಲಿ ಡಿಬೈ ಮಾದರಿಗೆ, ದಟ್ಟ ಪ್ಲಾಸ್ಮಾದಲ್ಲಿ ಪ್ರತಿ ಅಯಾನಿಗೂ ಒಂದೊಂದು ಗೋಳದ ಜಾಗ ಕೊಡುವ ಮಾದರಿಗೆ ಹೋಗಿ ಸೇರುತ್ತದೆ. ದಶಕಗಳ ಕಾಲ ಹೆಚ್ಚಿನವರು ಇದನ್ನೇ ಬಳಸಿದರು. 2012ರಲ್ಲಿ ಕ್ಯಾಲಿಫೋರ್ನಿಯಾದ ಎಕ್ಸ್‌ರೇ ಲೇಸರ್‌ನಲ್ಲಿ ಘನ ಅಲ್ಯೂಮಿನಿಯಂ ಮೇಲೆ ನಡೆದ ಅಳತೆ ಎಕರ್–ಕ್ರೋಲ್ ಕಡೆಗೆ ವಾಲಿತು. 2013ರಲ್ಲಿ ಬ್ರಿಟನ್ನಿನ ಓರಿಯನ್ ಲೇಸರ್‌ನಲ್ಲಿ ಹೆಚ್ಚು ಬಿಸಿಯಾದ, ಒತ್ತಿ ದಟ್ಟ ಮಾಡಿದ ಅಲ್ಯೂಮಿನಿಯಂ ಮೇಲೆ ನಡೆದ ಅಳತೆ ಸ್ಟೀವರ್ಟ್–ಪ್ಯಾಟ್ ಕಡೆಗೆ ವಾಲಿತು. ಲೋಹ ಒಂದೇ, ಸ್ಥಿತಿ ಬೇರೆ, ತೀರ್ಪು ಬೇರೆ. ಒಂದೇ ಸೂತ್ರ ಎಲ್ಲಾ ಕಡೆ ನಡೆಯುತ್ತದೆ ಅನ್ನುವ ಆಸೆಯೇ ತಪ್ಪು ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಪ್ರಬಂಧಗಳಲ್ಲಿ ಕಣ್ಣಿಗೆ ಕಟ್ಟುವ ಚಿತ್ರಗಳೆಂದರೆ ಅಂಚಿನ ಹತ್ತಿರದ ವಿಚಿತ್ರಗಳು. ಅಯಾನಿನ ಮಟ್ಟ ಏರಿಸುವ ಕ್ರಾಸ್ ಸೆಕ್ಷನ್ ಅಂಚಿನಲ್ಲಿ ಸೊನ್ನೆಯಿಂದ ಶುರುವಾಗುವುದಿಲ್ಲ, ನೇರವಾಗಿ ಒಂದು ಎತ್ತರದಿಂದಲೇ ಶುರುವಾಗುತ್ತದೆ. ಕೂಲಂಬ್ ಸೆಳೆತ ನಿಧಾನದ ಎಲೆಕ್ಟ್ರಾನನ್ನೂ ಒಳಗೆ ಎಳೆದುಕೊಳ್ಳುತ್ತದಲ್ಲ, ಅದಕ್ಕೆ. ಮರೆಮಾಡಿದ ಅಯಾನು ದೂರದಿಂದ ತಟಸ್ಥ ಪರಮಾಣುವಿನ ಹಾಗೆ ಕಾಣುತ್ತದೆ. ಆಗ 1948ರ ವಿಗ್ನರ್ ನಿಯಮ ಅನ್ವಯಿಸಿ ಕ್ರಾಸ್ ಸೆಕ್ಷನ್ ಸೊನ್ನೆಯಿಂದ ಏಳುತ್ತದೆ. ಭೌತಶಾಸ್ತ್ರ ಸರಿಯೇ. ಆದರೆ ಅದು ಕಾಣುವ ಶಕ್ತಿಯ ಪಟ್ಟಿ ಎಷ್ಟು ಅಗಲ? ಡಿಬೈ ದೂರ 7.4 ಆಂಗ್‌ಸ್ಟ್ರಾಂ ಇದ್ದಾಗ ಸುಮಾರು 0.07 ಎಲೆಕ್ಟ್ರಾನ್ ವೋಲ್ಟ್. 100 ಎಲೆಕ್ಟ್ರಾನ್ ವೋಲ್ಟ್ ತಾಪಮಾನದ ಎಲೆಕ್ಟ್ರಾನುಗಳ ಮೇಲೆ ಸರಾಸರಿ ತೆಗೆದರೆ ಅದು ಎಲ್ಲಿ ಹೋಯಿತು ಅಂತಲೂ ಗೊತ್ತಾಗುವುದಿಲ್ಲ.

ಅನುರಣನಗಳ ವಿಷಯ ಸ್ವಲ್ಪ ಬೇರೆ. ಬಂದ ಎಲೆಕ್ಟ್ರಾನ್ ಅಯಾನನ್ನು ಮೇಲಕ್ಕೇರಿಸಿ, ತನ್ನ ಶಕ್ತಿ ಕಳೆದುಕೊಂಡು, ತಾತ್ಕಾಲಿಕವಾಗಿ ಅಯಾನಿಗೇ ಅಂಟಿಕೊಳ್ಳುವ ಸ್ಥಿತಿಗಳಿವು. ಪ್ರತಿ ಅಂಚಿನ ಕೆಳಗೂ ಅಂಥವುಗಳ ಅನಂತ ಸಾಲು ಇರುತ್ತದೆ. ಮರೆ ಬಂದಾಗ ಸಾಲು ಮೊಟಕಾಗುತ್ತದೆ. 14 ಬೋರ್ ತ್ರಿಜ್ಯದ ಮರೆಯಲ್ಲಿ ಒಂದು ಚಾರ್ಜಿನ ಅಯಾನಿಗೆ ಮುಖ್ಯ ಮಟ್ಟ 4ರ ಆಸುಪಾಸಿನಲ್ಲೇ ಸಾಲು ಮುಗಿಯುತ್ತದೆ. ಹೀಗೆ ಅಂಟಿದ ಸ್ಥಿತಿ ಬೆಳಕು ಚೆಲ್ಲಿ, ಎಲೆಕ್ಟ್ರಾನ್ ಅಯಾನಿನಲ್ಲೇ ಉಳಿದುಬಿಡುವುದಕ್ಕೆ ಡೈಎಲೆಕ್ಟ್ರಾನಿಕ್ ಮರುಸಂಯೋಗ ಅನ್ನುತ್ತಾರೆ; ಅದು ಈ ಸಾಲಿನ ಮೇಲೆ ನಿಂತಿದೆ. ಕರೋನಾದಂಥ ತೆಳು ಪ್ಲಾಸ್ಮಾದಲ್ಲಿ ಅದು ಎಷ್ಟು ಮುಖ್ಯ ಅಂತ ಬರ್ಜಸ್ 1964ರಲ್ಲಿ ತೋರಿಸಿದರು.

ಇಲ್ಲೇ ಒಂದು ಎಚ್ಚರಿಕೆ. ಸಾಂದ್ರತೆ ಹೆಚ್ಚಾದಾಗ ಆಗುವ ಬದಲಾವಣೆಗಳನ್ನೆಲ್ಲ ಸ್ಕ್ರೀನಿಂಗ್ ಖಾತೆಗೆ ಬರೆಯುವ ಚಾಳಿ ಇದೆ. ಕರೋನಾದ ಡಿಬೈ ದೂರವನ್ನು ಹಾಕಿದರೆ ಮುಖ್ಯ ಮಟ್ಟ ಆರು ಸಾವಿರ ದಾಟಿದ ಮೇಲೆ ಮಾತ್ರ ಸ್ಕ್ರೀನಿಂಗ್ ಕತ್ತರಿ ಹಾಕುತ್ತದೆ. ಅಷ್ಟರೊಳಗೆ ಪಕ್ಕದ ಅಯಾನುಗಳ ವಿದ್ಯುತ್ ಕ್ಷೇತ್ರ ಮಟ್ಟಗಳನ್ನು ಒಂದಕ್ಕೊಂದು ಕಲಸಿಬಿಟ್ಟಿರುತ್ತದೆ. 1939ರ ಇಂಗ್ಲಿಸ್–ಟೆಲ್ಲರ್ ಸೂತ್ರದಲ್ಲಿ ಅದೇ ಸಾಂದ್ರತೆಗೆ ಗಡಿ ಬರುವುದು ಸುಮಾರು 80ನೇ ಮಟ್ಟಕ್ಕೆ. ಡಿಕ್ಕಿಗಳೂ ಮೇಲಿನ ಮಟ್ಟಗಳಲ್ಲಿ ಕೂತ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತಿರುತ್ತವೆ. ಇವು ಬೇರೆ ಪರಿಣಾಮಗಳು. ಕೋಡ್‌ನಲ್ಲಿ ಇವಕ್ಕೆ ಬೇರೆ ಜಾಗ ಇದೆ. ಸ್ಕ್ರೀನಿಂಗ್ ಹೆಸರಲ್ಲಿ ಇವನ್ನೂ ಸೇರಿಸಿದರೆ ಎರಡು ಸಲ ಎಣಿಸಿದ ಹಾಗಾಗುತ್ತದೆ.

ಕೊನೆಗೆ, ಪ್ರಬಂಧ ಓದುವಾಗ ನಾನು ಮಾಡುವ ಎರಡು ಪರೀಕ್ಷೆ ಹೇಳುತ್ತೇನೆ. ಮೊದಲನೆಯದು, ಮರೆಯನ್ನು ಎಲ್ಲೆಲ್ಲಿ ಹಾಕಿದ್ದಾರೆ ಅಂತ ನೋಡುವುದು. ಬೀಜ ಮತ್ತು ಒಳಗಿನ ಎಲೆಕ್ಟ್ರಾನಿನ ನಡುವೆ ಮಾತ್ರವಾ? ಬರುವ ಎಲೆಕ್ಟ್ರಾನಿಗೂ ಹಾಕಿದ್ದಾರಾ? ಒಳಗಿನ ಎಲೆಕ್ಟ್ರಾನುಗಳು ಪರಸ್ಪರ ತಳ್ಳುವುದಕ್ಕೂ ಹಾಕಿದ್ದಾರಾ? ಒಂದು ಆಂಗ್‌ಸ್ಟ್ರಾಂಗಿಂತ ಚಿಕ್ಕ ಜಾಗದಲ್ಲಿ ವೇಗವಾಗಿ ಸುತ್ತುವ ಎರಡು ಎಲೆಕ್ಟ್ರಾನುಗಳ ನಡುವೆ ಪ್ಲಾಸ್ಮಾ ನುಗ್ಗಿ ಮರೆಮಾಡುತ್ತದೆ ಅನ್ನುವುದನ್ನು ಒಪ್ಪುವುದು ನನಗೆ ಕಷ್ಟ. ಈ ಆಯ್ಕೆಗಳನ್ನು ಬದಲಿಸಿದರೆ ಫಲಿತಾಂಶವೂ ಬದಲಾಗುತ್ತದೆ. ಆದ್ದರಿಂದ ಎರಡು ಪ್ರಬಂಧಗಳನ್ನು ಹೋಲಿಸುವ ಮೊದಲು ಇದನ್ನು ನೋಡಲೇಬೇಕು.

ಎರಡನೆಯದು ಇನ್ನೂ ಸುಲಭ. ಡಿಬೈ ದೂರದೊಳಗಿನ ಗೋಳದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಅಂತ ಎಣಿಸಿ. ಟೋಕಮಾಕ್‌ನಲ್ಲಿ ಸುಮಾರು 17 ಕೋಟಿ. ಮೋಡ ಅನ್ನುವ ಮಾತಿಗೆ ಧಾರಾಳವಾಗಿ ಅರ್ಥ ಇದೆ. ಮೇಲಿನ ಲೇಸರ್ ಪ್ಲಾಸ್ಮಾದಲ್ಲಿ 17. ಪರವಾಗಿಲ್ಲ, ಆದರೆ ಹುಷಾರಾಗಿರಬೇಕು. ಈಗ ಒಂದು ಪ್ರಬಂಧ 5 ಎಲೆಕ್ಟ್ರಾನ್ ವೋಲ್ಟ್ ತಾಪಮಾನಕ್ಕೆ, 3 ಬೋರ್ ತ್ರಿಜ್ಯದ ಡಿಬೈ ದೂರಕ್ಕೆ ಚಂದದ ಗೆರೆ ಎಳೆದಿದೆ ಅಂದುಕೊಳ್ಳಿ. ಹಿಂದಕ್ಕೆ ಲೆಕ್ಕ ಹಾಕಿದರೆ ಸಾಂದ್ರತೆ ಘನ ಮೀಟರಿಗೆ 10²⁸ ಬರುತ್ತದೆ. ಆ ಸಾಂದ್ರತೆಯಲ್ಲಿ ಒಂದೊಂದು ಎಲೆಕ್ಟ್ರಾನಿನ ಪಾಲಿಗೆ ಬರುವ ಗೋಳದ ತ್ರಿಜ್ಯ 2.8 ಆಂಗ್‌ಸ್ಟ್ರಾಂ. ಡಿಬೈ ದೂರ ಬರೀ 1.6. ಅಂದರೆ ಮರೆಯ ಮೋಡದಲ್ಲಿ ಇರುವುದು ಒಂದು ಎಲೆಕ್ಟ್ರಾನಿನ ಐದನೇ ಒಂದು ಭಾಗ! ಅಂಥ ಕಡೆ ಡಿಬೈ ಮಾದರಿಯನ್ನು ಬದಿಗಿಟ್ಟು ಅಯಾನ್ ಗೋಳದ ಮಾದರಿಯನ್ನೋ, ಕಣಗಳನ್ನೇ ಒಂದೊಂದಾಗಿ ಕಂಪ್ಯೂಟರಿನಲ್ಲಿ ಓಡಿಸುವ ವಿಧಾನವನ್ನೋ ಹಿಡಿಯಬೇಕು. ನಿಮ್ಮ ಎರಡು ಪ್ರಬಂಧಗಳ ತಾಪಮಾನ ಮತ್ತು ಸಾಂದ್ರತೆಯನ್ನೂ ಮೊದಲು ಹೀಗೇ ಒಮ್ಮೆ ಲೆಕ್ಕ ಹಾಕಿ ನೋಡಿ.